ದೂರದಲ್ಲಿಟ್ಟ ಕ್ಯಾಮೆರಾ

ಗಂಡ ತೀರಿಕೊಂಡ ಮೇಲೆ ಮರಾಠಿ ಸೀಮೆಯ ಸದಾಶಿವ ಪೇಠದ ಫ್ಲ್ಯಾಟಿನಲ್ಲಿ ನಾನೊಬ್ಬಳೇ ಉಳಿದೆ. ಶಾಲೆಯ ನೌಕರಿ ಇತ್ತು. ಯಾರು ಕೇಳಿದರೂ ಆರಾಮಾಗಿದ್ದೇನೆ ಎನ್ನುತ್ತಿದ್ದೆ, ಹಾಗೆಂದೇ ನಂಬಿದ್ದೆ ಕೂಡ.

ಮೇಲಿನ ಮಹಡಿಗೆ ಧಾರವಾಡದ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ಸಿನಿಮಾ ನಿರ್ದೇಶನ ಕಲಿಯುತ್ತಿದ್ದಳು. ನಾನೂ ಆ ಕಡೆಯವಳೇ ಎಂದು ತಿಳಿದದ್ದೇ ತಡ, ಚಿಕ್ಕಮ್ಮನನ್ನು ಕರೆಯುವಂತೆ ಕಾಕು ಎನ್ನುತ್ತಾ ಹತ್ತಿರವಾದಳು. ಒಂದು ದಿನ, ತನ್ನ ಕಿರುಚಿತ್ರದಲ್ಲಿ ಒಂಟಿ ಹೆಂಗಸಿನ ಪಾತ್ರ ಮಾಡುತ್ತೀರಾ ಎಂದು ಕೇಳಿದಳು.

"ನನಗ ಕ್ಯಾಮೆರಾ ಮುಂದ ಅಳಲಿಕ್ಕೆ ಬರೂದಿಲ್ಲ ನೋಡವಾ," ಎಂದೆ.

"ಅಳೂದು ಬ್ಯಾಡ್ರಿ ಕಾಕು. ನೀವು ಮೆಂತೆಪಲ್ಲೆ ಸೋಸ್ರಿ ಸಾಕು. ಉಳಿದದ್ದು ಕ್ಯಾಮೆರಾ ನೋಡ್ಕೋತದ."

ಚಿತ್ರೀಕರಣದ ದಿನ ಅವಳು ಕ್ಯಾಮೆರಾವನ್ನು ನನ್ನ ಹತ್ತಿರ ತರಲೇ ಇಲ್ಲ. ಹಾಲ್‌ನ ಆಚೆ ಮೂಲೆಯಲ್ಲಿಟ್ಟಳು. ಅಲ್ಲಿಂದ ಅಡುಗೆಮನೆ ಬಾಗಿಲಿನ ಅಗಲದಷ್ಟೇ ಕಾಣುತ್ತಿತ್ತು, ಎರಡೂ ಬದಿಗೆ ಕತ್ತಲೆಯ ಗೋಡೆ. ನನ್ನನ್ನು ಅಡುಗೆಮನೆಯ ಮೇಜಿನ ಒಂದು ತುದಿಗೆ ಕೂರಿಸಿದಳು.

"ಇಷ್ಟ ದೂರದಿಂದ ನನ್ನ ಮಾರಿ ಕಾಣ್ತದೇನು?"

"ಸಣ್ಣದಾಗಿ ಕಾಣ್ತದ್ರಿ. ಅದಕ್ಕ ಅಲ್ಲಿಟ್ಟೀನಿ."

ಸಿದ್ಧವಾದ ಚಿತ್ರವನ್ನು ನಮ್ಮ ಮನೆಯಲ್ಲೇ ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಸಂಗೀತ ಹಾಕಿರಲಿಲ್ಲ, ಬರೀ ಫ್ಯಾನಿನ ಸದ್ದು. ನಾನು ಮೆಂತೆ ಎಲೆ ಬಿಡಿಸುತ್ತಿದ್ದೇನೆ. ಗೋಡೆಯಾಚೆಗೆ ಪಕ್ಕದ ಮನೆಯವರೆಲ್ಲ ಜೋರಾಗಿ ನಗುತ್ತಾರೆ. ಅವರ ಜೊತೆ ನಾನೂ ನಗುತ್ತೇನೆ. ಹುಡುಗಿ ಅಲ್ಲಿ ಚಿತ್ರವನ್ನು ಕತ್ತರಿಸಿರಲಿಲ್ಲ. ಆ ನಗು ನನ್ನ ಮುಖದಿಂದ ಮೆಲ್ಲಗೆ ಇಳಿದುಹೋಗುವವರೆಗೂ ದೃಶ್ಯ ನಿಂತೇ ಇತ್ತು.

ನಕ್ಕಿದ್ದು ನನಗೆ ನೆನಪೇ ಇರಲಿಲ್ಲ. ಏನೆಂದೇ ಗೊತ್ತಿಲ್ಲದ ಮಾತಿಗೆ, ಗೋಡೆಯ ಈಚೆ ಕುಳಿತು ಎಷ್ಟು ಸಂಜೆ ಹೀಗೆ ನಕ್ಕಿದ್ದೆನೋ.

"ಇದು ನಾ ಹೇಳಿ ಮಾಡಿಸಿದ್ದಲ್ರಿ ಕಾಕು. ನಿಮಗ ತ್ರಾಸ ಆಗ್ತಿದ್ರ ತೆಗೀತೀನಿ," ಎಂದಳು.

"ಇರಲಿ," ಎಂದೆ. ಅವಳು ಪಕ್ಕಕ್ಕೆ ಬಂದು ಕುಳಿತಳು.

ಮರುದಿನ ಸಂಜೆ ಪಕ್ಕದ ಮನೆಯ ಬಾಗಿಲು ಬಡಿದೆ. ಮರಾಠಿ ಕುಟುಂಬ. ಗಂಡ ಹೋದ ಮೇಲೆ ನಾನು ಅತ್ತ ಸುಳಿದಿರಲಿಲ್ಲ. ನನಗೆ ಏಕಾಂತ ಬೇಕೇನೋ ಎಂದುಕೊಂಡು ಅವರೂ ಕರೆದಿರಲಿಲ್ಲ. ಬಾಗಿಲು ತೆರೆದ ಅಜ್ಜಿ, ನಿನ್ನೆಯಷ್ಟೇ ಬಂದುಹೋದವಳನ್ನು ಕರೆಯುವಂತೆ "ಯೇ, ಆತ ಯೇ" ಎಂದು ಮರಾಠಿಯಲ್ಲೇ ಒಳಗೆ ಬಾ ಎನ್ನುತ್ತಾ ಕೈಹಿಡಿದು ಕರೆದುಕೊಂಡರು. ದಿನಾ ಏನು ಹೇಳಿ ನಗುತ್ತೀರಿ ಎಂದು ಕೇಳಿಯೇಬಿಟ್ಟೆ. ಅಜ್ಜಿಯ ಮಗ ಖರಾಡಿಯ ತನ್ನ ಆಫೀಸಿನ ಮ್ಯಾನೇಜರನ ಅಣಕು ಮಾಡಿ ತೋರಿಸಿದ. ಅಂಥ ದೊಡ್ಡ ತಮಾಷೆಯೇನಲ್ಲ. ಆದರೂ ಅವರ ನಡುವೆ ಕುಳಿತು ನಕ್ಕೆ. ಈಗ ಬಹುತೇಕ ಸಂಜೆ ಅಲ್ಲೇ ಇರುತ್ತೇನೆ.

ಕಲಿಕೆ ಮುಗಿದು ಹುಡುಗಿ ಮುಂಬೈಗೆ ಹೊರಟಾಗ, ಸಾಮಾನು ಕಟ್ಟಲು ಅವಳ ತಾಯಿ ಬಂದಿದ್ದರು. ಹುಡುಗಿಗೆ ಹೇಳದೇ ಉಳಿದದ್ದನ್ನು ಅವರ ಮುಂದೆಯಾದರೂ ಹೇಳಬೇಕೆನಿಸಿತು.

"ನಿಮ್ಮ ಮಗಳ ಕಣ್ಣು ಭಾಳ ಛಲೋ ಅದಾವ್ರಿ. ನನಗ ಕಾಣದ್ದು ಅಕಿಗೆ ಕಂಡಿತು."

"ಏನ ಕಣ್ಣೋ ಏನೋರಿ," ಎಂದರು ತಾಯಿ, "ಮನ್ಯಾಗ ಎದುರಿಗಿದ್ದ ತಿಕ್ಕದ ಮುಸುರಿ ಭಾಂಡೆ ಕಾಣಂಗಿಲ್ಲ ಅಕಿಗೆ."

ಹುಡುಗಿ ತಲೆತಗ್ಗಿಸಿ ಪುಸ್ತಕದ ಡಬ್ಬಕ್ಕೆ ಹಗ್ಗ ಬಿಗಿಯುತ್ತಿದ್ದಳು. ದಾರಿಗೆಂದು ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಡಲು ನಾನು ಕೆಳಗಿಳಿದೆ.