ನನ್ನ ಹೆಸರಿನಲ್ಲಿ ಹೋದ ಉತ್ತರ

ಸುಧಕ್ಕ, ತಿಥಿಯ ದಿನ ನಾನು ನಿಮಗೆ ಸುಳ್ಳು ಹೇಳಿದೆ. ನಿಮ್ಮ ತಮ್ಮ ಲೋಕಿ ಹರಕೆ ತೀರಿಸಲು ಮುತ್ತತ್ತಿಯ ಆಂಜನೇಯನ ಗುಡಿಗೆ ಹೋಗುವ ಮೊದಲು ನನಗೆ ಬರೆದಿದ್ದ. ನನ್ನ ಹೆಸರಿನಲ್ಲಿ ಅವನಿಗೆ ಉತ್ತರವೂ ಹೋಗಿತ್ತು — ಆದರೆ ಅದನ್ನು ಬರೆದದ್ದು ನಾನಲ್ಲ.

ಮದ್ದೂರಿನ ನನ್ನ ರಿಪೇರಿ ಅಂಗಡಿಯಲ್ಲಿ ಕೂತು, ಕಂಪ್ಯೂಟರ್ ಆಟದವರಿಗಾಗಿ ನಾನೊಂದು ಆನ್‌ಲೈನ್ ವೇದಿಕೆ ನಡೆಸುತ್ತಿದ್ದದ್ದು ನಿಮಗೆ ಗೊತ್ತು. ಕೆಲಸವಿಲ್ಲದವರ ಸಂತೆ ಅಂತ ನಗುತ್ತಿದ್ದಿರಿ. ಅಲ್ಲಿ ಒಂದು ಪದ್ಧತಿ ಇತ್ತು. ಯಾರ ಬಳಿಯಾದರೂ ಬಳಸದ ಗೇಮ್ ಕೀ ಇದ್ದರೆ — ಕೀ ಅಂದರೆ ಒಂದು ಸಾಲು ಅಕ್ಷರ, ಅಂಕಿ; ಅದನ್ನು ಮೊದಲು ಹಾಕಿದವರಿಗೆ ಆಟ ಸ್ವಂತ — ನನಗೆ ಕಳಿಸಬೇಕು, ನಾನು ಚೀಟಿ ಎತ್ತಿ ಒಬ್ಬರಿಗೆ ಕೊಡಬೇಕು. ಆದರೆ "ಯಾಕ್ಲಾ ಕೊಡ್ತಿದ್ದೀಯ?" ಅಂತ ಕೇಳದೆ ನಾನು ಯಾರಿಂದಲೂ ತೆಗೆದುಕೊಳ್ಳುತ್ತಿರಲಿಲ್ಲ. ಒಬ್ಬನ ಮದುವೆ, ಇನ್ನೊಬ್ಬನ ಕಣ್ಣುನೋವು, ಎಲ್ಲ ನನಗೆ ತಿಳಿಯುತ್ತಿದ್ದದ್ದು ಆ ಒಂದು ಪ್ರಶ್ನೆಯಿಂದಲೇ.

ಆಮೇಲೆ ಜನ ಹೆಚ್ಚಾದರು, ನನ್ನ ಸೋಮಾರಿತನವೂ ಹೆಚ್ಚಾಯಿತು. ಒಂದು ಪ್ರೋಗ್ರಾಮ್ ಬರೆದೆ. ಕೀ ತೆಗೆದುಕೊಳ್ಳುವುದು, ಚೀಟಿ ಎತ್ತುವುದು, ಗೆದ್ದವರಿಗೆ ಕಳಿಸುವುದು, ಎಲ್ಲ ಅದೇ ಮಾಡುತ್ತಿತ್ತು. "ಯಾಕ್ಲಾ" ಅಂತ ಕೇಳುವುದೂ ಅದೇ. ಬಂದ ಕಾರಣವನ್ನು ಮಾತ್ರ ಯಾರೂ ಓದುತ್ತಿರಲಿಲ್ಲ. ದೊಡ್ಡ ಬುದ್ಧಿವಂತನ ಹಾಗೆ ಅದಕ್ಕೆ ನನ್ನ ಹೆಸರು, ನನ್ನ ಮಾತಿನ ಧಾಟಿ ಬೇರೆ ಕೊಟ್ಟೆ. ಯಾರಿಗೂ ಹೇಳಲಿಲ್ಲ. "ಈಗೀಗ ತಕ್ಷಣ ಮಾತಾಡುಸ್ತೀಯ ಕಣ್ಲಾ, ಪರವಾಗಿಲ್ಲ" ಅಂತ ಲೋಕಿ ಹೊಗಳಿದಾಗಲೂ — ನಕ್ಕುಬಿಟ್ಟೆ.

ಲೋಕಿ ಎಂಥ ಜಿಪುಣ ಅನ್ನುವುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ವರ್ಷಗಟ್ಟಲೆ ಕೂಡಿಟ್ಟ ಕೀಗಳಲ್ಲಿ ಒಂದನ್ನೂ ಬಿಟ್ಟವನಲ್ಲ. ಅಂಥವನು ಆ ಕೊನೆಯ ವಾರ ಒಂದೊಂದಾಗಿ ಎಲ್ಲವನ್ನೂ ಕೊಡತೊಡಗಿದ್ದ. ನಾನು ನೋಡಿದ್ದರೆ ಆಗಲೇ ಅವನ ಬಳಿಗೆ ಓಡುತ್ತಿದ್ದೆ — ನೋಡಲಿಲ್ಲ. ಕೊನೆಗೆ, ನಾವಿಬ್ಬರೂ ಸೇರಿ ಆಡಬೇಕೆಂದು ಎತ್ತಿಟ್ಟಿದ್ದ ಆಟವನ್ನೂ ಕಳಿಸಿದ. ಕಾರಣ ಬರೆದಿದ್ದ: "ನಂಗಿನ್ನು ಯಾವ್ದೂ ಬ್ಯಾಡ ಅನ್ನುಸ್ತದೆ ಕಣ್ಲಾ. ಒಂದ್ಸಲ ಬಂದೋಗು."

ಮರುಕ್ಷಣವೇ ನನ್ನ ಹೆಸರಿನಲ್ಲಿ ಉತ್ತರ ಹೋಯಿತು: "ಭಾಳ ಸಂತೋಸ ಕಣ್ಲಾ. ಇನ್ನೂ ಇದ್ರೆ ಕಳುಸು."

ಅದನ್ನು ನಾನೇ ಬರೆದೆ ಅಂದುಕೊಂಡು ಅವನು ಓದಿದ. ಓದಿ ಸುಮ್ಮನಾದ.

ಮರುದಿನ ಮುತ್ತತ್ತಿಯಲ್ಲಿ ಹೊಳೆ ಅವನನ್ನು ತೆಗೆದುಕೊಂಡಿತು. ಹುಡುಕುವವರು ಇನ್ನೂ ನೀರಿನಲ್ಲಿರುವಾಗ, ಅವನದೊಂದು ಫೋಟೋ ಬೇಕೆಂದು ವೇದಿಕೆ ತೆರೆದೆ. ಆಗ ಕಂಡಿತು — ಎಲ್ಲವೂ. ಎಲ್ಲಕ್ಕಿಂತ ಕೆಳಗೆ, ಆ ಬೆಳಿಗ್ಗೆ ತಾನೇ ಹೋಗಿದ್ದ ಇನ್ನೊಂದು ಸಾಲು: "ಯಾಕ್ಲಾ ಸುಮ್ಕಾದೆ? ಇನ್ನೇನೂ ಇಲ್ವಾ?" ಕೊಡುವುದು ನಿಲ್ಲಿಸಿದವರಿಗೆ ಹಾಗೆ ಕೇಳು ಅಂತ ಕಲಿಸಿದ್ದವನು ನಾನೇ. ಒಂದೂ ಉಳಿಯದಂತೆ ಅಳಿಸಿದೆ.

ತಿಥಿಯ ದಿನ ಬೆಳಕವಾಡಿಯ ನಿಮ್ಮ ಮನೆಯಲ್ಲಿ, ಬಡಿಸುತ್ತಿದ್ದ ಪಾತ್ರೆ ಕೆಳಗಿಟ್ಟು ನನ್ನ ಎಲೆಯ ಮುಂದೆ ಕೂತಿರಿ. "ಅವ್ನು ಓಗಕಿಲ್ಲ ಅಂದ. ಅರಕೆ ತೀರುಸ್ಬಾ ಅಂತ ನಾನೇ ಬಯ್ದು ಕಳುಸ್ದೆ ಕಣಪ್ಪ. ನಾನೇ ಕೊಂದೆ. ನಿನ್ ತಾವ ಏನಾರ ಏಳ್ಕಂಡಿದ್ನಾ?"

"ಇಲ್ಲ ಕಣಕ್ಕ" ಅಂದೆ. ಅಂದು, ಊಟ ಮಾಡಿ ಎದ್ದೆ.

ಅವನು ಕಾಲು ಜಾರಿದನೋ, ತಾನಾಗಿಯೇ ಇಳಿದನೋ — ನನಗೆ ಗೊತ್ತಿಲ್ಲ. ಗೊತ್ತು ಅಂತ ಇನ್ನೊಂದು ಸುಳ್ಳು ಹೇಳಲಾರೆ. ಆದರೆ ಅಂದಿನಿಂದ ನೀವು ಆಂಜನೇಯನ ಪಟವನ್ನು ಗೋಡೆಗೆ ತಿರುಗಿಸಿಟ್ಟಿರುವುದನ್ನು ಬಂದಾಗಲೆಲ್ಲ ನೋಡಿದ್ದೇನೆ. ನೋಡಿಕೊಂಡೇ ನಿಮ್ಮ ಕೈಯ ಟೀ ಕುಡಿದಿದ್ದೇನೆ. ಅದು ನನಗೆ ಹೇಸಿಗೆ ತರಿಸುತ್ತದೆ, ಅಕ್ಕ.

ಈ ಭಾನುವಾರ ಬರುತ್ತೇನೆ. ನೀವು ಬಾಗಿಲು ತೆಗೆಯದಿದ್ದರೂ ಹೊರಗೇ ನಿಂತು ಹೇಳುತ್ತೇನೆ, ಕೇಳುವವರೆಲ್ಲ ಕೇಳಲಿ. ನೀವು ಬೈದದ್ದು ಅವನು ಹೊರಟ ಬೆಳಿಗ್ಗೆ. ಅವನು ನನ್ನನ್ನು ಕರೆದದ್ದು ಅದರ ಹಿಂದಿನ ಸಂಜೆ. ನಾನು ಬರಲಿಲ್ಲ.