ರೇಡಿಯೋದ ನಕ್ಷೆಯಲ್ಲಿ ಯಾರ ಹೊಲ?

ನನಗೆ ನಕ್ಷೆ ಓದಲು ಬರುತ್ತದೆ ಎಂಬ ಜಂಬ ಮೊದಲಿನಿಂದಲೂ ಇದೆ. ಚಿತ್ತಾಪುರದ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು ನಾನು. ಗೋಡೆಗೆ ನಕ್ಷೆ ತೂಗುಹಾಕಿ, ಬೆತ್ತದ ತುದಿಯಿಂದ ಭೀಮೆಯನ್ನು ಹುಟ್ಟಿದಲ್ಲಿಂದ ಸನ್ನತಿಯವರೆಗೆ ಹರಿಸಿ ತಂದವನು. ಅಂಥವನು ಈಚೆಗೆ ಒಂದು ಹಾಳೆಯ ಮುಂದೆ ಕೂತು, ಯಾವುದು ಮೇಲು ಯಾವುದು ಕೆಳಗೆ ತಿಳಿಯದೆ, ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅದು ಒಂದು ಹಳೆಯ ರೇಡಿಯೋದ ಒಳಗಿನ ತಂತಿಗಳ ನಕ್ಷೆ.

ರೇಡಿಯೋ ನನ್ನ ಹೆಂಡತಿ ಗುರುಬಾಯಿಯದು. ಮದುವೆಗೆ ಮುಂಚೆ ಚಿಂಚೋಳಿಯಲ್ಲಿ ಅಂಗನವಾಡಿ ಟೀಚರಾಗಿದ್ದಾಗ ಮೊದಲ ಪಗಾರದಲ್ಲಿ ಕೊಂಡದ್ದು. ನಮ್ಮ ಮನೆಗೆ ಬಂದಂದಿನಿಂದ ಅದರ ಜಾಗ ಒಲೆಯ ಪಕ್ಕ, ಗೋಡೆಯೊಳಗಿನ ಮಾಡ. ಬೆಳಿಗ್ಗೆ ಅದರಲ್ಲಿ ವಚನ ಶುರುವಾದರೆ ಇತ್ತ ರೊಟ್ಟಿ ಬಡಿಯುವ ಸದ್ದು ಶುರು. ಎರಡೂ ಕೂಡಿದರೇ ನಮಗೆ ಬೆಳಗಾದಂತೆ. ಮೊಬೈಲಿನಲ್ಲಿ ಕೇಳಬಾರದೇ ಎಂದು ಮಗಳು ಒಮ್ಮೆ ಹೇಳಿ ನೋಡಿದಳು. "ಹಿಟ್ಟಿನ ಕೈ ಹಚ್ಚಿದ್ರ ಮೊಬೈಲ್ ಮಾತ ಕೇಳಂಗಿಲ್ಲವ್ವ, ರೇಡಿಯೋ ಕೇಳ್ತದ" ಎಂದಳು ಗುರುಬಾಯಿ. ಅದು ನಿಜವೇ. ಅದರ ಗುಂಡಿಯ ಗೀರುಗಳಲ್ಲಿ ಜೋಳದ ಹಿಟ್ಟು ಕೂತು ಬೆಳ್ಳಗಾಗಿದೆ.

ಆ ರೇಡಿಯೋಗೆ ಕೆಟ್ಟದ್ದೇನೂ ಆಗಿರಲಿಲ್ಲ. ದನಿ ಚೆನ್ನಾಗಿಯೇ ಬರುತ್ತಿತ್ತು. ಸ್ಟೇಷನ್ ತೋರಿಸುವ ಮುಳ್ಳು ಮಾತ್ರ ಒಂದೇ ಕಡೆ ನಿಂತುಬಿಟ್ಟಿತ್ತು. ಕಲಬುರಗಿ ಹಾಡುತ್ತಿರುವಾಗ ಮುಳ್ಳು ಇನ್ನೆಲ್ಲೋ ತೋರಿಸುವುದೆಂದರೆ ಭೂಗೋಳದ ಮಾಸ್ತರನಿಗೆ ಹೇಗೆ ಸಹಿಸುತ್ತದೆ? ಗುರುಬಾಯಿ ಓಣಿಯಲ್ಲೊಂದು ಮದುವೆಗೆ ಹೋದ ಹೊತ್ತು ನೋಡಿ ಅದನ್ನು ಬಿಚ್ಚಿದೆ. ಮುಚ್ಚಿದಾಗ ದನಿಯೂ ಹೋಗಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ಅವನೇ ನಾನು.

"ನೀವೇ ಬಿಚ್ಚೀರಿ, ನೀವೇ ಹಚ್ಚಿ ಕೊಡ್ರಿ. ಹೊಸಾದು ತಂದ್ರ ನಾ ಮುಟ್ಟಂಗಿಲ್ಲ" ಎಂದಳು ಮದುವೆಯಿಂದ ಬಂದ ಗುರುಬಾಯಿ. ಅಷ್ಟೇ. ಮರುದಿನದಿಂದ ಅಡುಗೆಮನೆಯಲ್ಲಿ ಬರೀ ರೊಟ್ಟಿ ಬಡಿಯುವ ಸದ್ದು. ಅವಳು ನಾಲ್ಕು ಮಾತು ಬೈದಿದ್ದರೆ ಹಗುರಾಗುತ್ತಿತ್ತು. ಆ ಒಂಟಿ ಸದ್ದು ಕೇಳುತ್ತ ಚಹಾ ಕುಡಿಯುವುದು ನನಗೆ ನಿಜಕ್ಕೂ ಸಂಕಟವಾಗತೊಡಗಿತು.

ಶಹಾಬಾದಿನಲ್ಲಿ ರೇಡಿಯೋ ರಿಪೇರಿಯವನೊಬ್ಬ ಇನ್ನೂ ಉಳಿದಿದ್ದಾನೆ. "ನಕ್ಷಾ ತರ್ರಿ ಸರ್, ನಕ್ಷಾ ಇಲ್ದ ಇಂಥಾ ಹಳೇ ಸೆಟ್ಟಿಗೆ ಕೈ ಹಚ್ಚಂಗಿಲ್ಲ" ಎಂದ. ಮತ್ತೆ ಬಾರದಿರಲೆಂದು ಹೇಳಿದನೋ ಏನೋ, ನಾನು ಅದನ್ನು ಹೋಂವರ್ಕಿನಂತೆ ಹಿಡಿದುಕೊಂಡೆ. ಪೆಟ್ಟಿಗೆಯ ಹಿಂದಿನ ನಂಬರನ್ನು ಇಂಟರ್ನೆಟ್ಟಿನಲ್ಲಿ ಹಾಕಿದರೆ ಒಂದು ಕಡೆ ಬಟ್ಟೆ ಒಗೆಯುವ ಮಷೀನು ಬಂತು. ಇನ್ನೊಂದು ಕಡೆ, ನೀವು ಮನುಷ್ಯರೇ ಎಂಬುದನ್ನು ಮೊದಲು ಸಾಬೀತುಪಡಿಸಿ, ಈ ಚಿತ್ರಗಳಲ್ಲಿ ಟ್ರಾಫಿಕ್ ದೀಪ ಎಲ್ಲಿದೆ ತೋರಿಸಿ ಎಂದಿತು. ತೋರಿಸಿದೆ. ತಪ್ಪು ಎಂದಿತು. ಕೊನೆಗೊಂದು ನಕ್ಷೆ ಸಿಕ್ಕಿತು. ನಂಬರಿನ ಕೊನೆಯ ಅಕ್ಷರ ಬಿಟ್ಟರೆ ಉಳಿದದ್ದೆಲ್ಲ ಹೊಂದುತ್ತಿತ್ತು. ಅದರಲ್ಲಿನ ಬರಹ ಯಾವ ದೇಶದ ಲಿಪಿಯೋ ದೇವರಿಗೇ ಗೊತ್ತು. ಝೆರಾಕ್ಸ್ ಅಂಗಡಿಯಲ್ಲಿ ತುಂಡು ತುಂಡಾಗಿ ತೆಗೆಸಿ, ಗೋಂದು ಹಚ್ಚಿ ಕೂಡಿಸಿದೆ. ಹಾಸಿದರೆ ಅರ್ಧ ಪಡಸಾಲೆ ತುಂಬುವಷ್ಟಾಯಿತು. ಅದರಲ್ಲಿ ಉತ್ತರ ದಿಕ್ಕಿಲ್ಲ, ಅಳತೆಯಿಲ್ಲ. ಎರಡು ಗೆರೆಗಳು ಎದುರಾದರೆ ಕೂಡುವುದಿಲ್ಲ, ಒಂದನ್ನೊಂದು ಜಿಗಿದು ಹೋಗುತ್ತವೆ. ಇಂಥ ನದಿಗಳನ್ನು ನಾನು ಯಾವ ಮಕ್ಕಳಿಗೂ ಕಲಿಸಿರಲಿಲ್ಲ.

ಶಹಾಬಾದಿಗೆ ಹೋಗಲು ವಾಡಿಯಲ್ಲಿ ಗಾಡಿ ಬದಲಿಸಬೇಕು. ಗಾಡಿ ತಡವಿತ್ತು. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ನಕ್ಷೆ ಬಿಚ್ಚಿದ್ದೇ ತಪ್ಪಾಯಿತು. ನಾಲ್ಕು ಜನ ಸುತ್ತ ನಿಂತರು.

"ಯಾ ಊರ ನಕ್ಷಾರಿ ಮಾಸ್ತರ?" ಎಂದ ಒಬ್ಬ.

"ಊರಿಂದಲ್ಲಪ್ಪಾ, ರೇಡಿಯೋದ್ದು" ಎಂದೆ. ಆತ ನಕ್ಕ. ನಗದೆ ಏನು ಮಾಡಿಯಾನು? ನಮ್ಮ ಸೀಮೆಯಲ್ಲಿ ಇಷ್ಟು ದೊಡ್ಡ ಹಾಳೆ ಯಾರಾದರೂ ಬಿಚ್ಚಿದರೆ ಅದು ಸಿಮೆಂಟ್ ಫ್ಯಾಕ್ಟರಿಯದಿರುತ್ತದೆ, ಕಲ್ಲಿನ ಖಣಿಯದಿರುತ್ತದೆ, ಇಲ್ಲವೇ ಹೊಸ ರೈಲುಹಳಿಯದು. ಬಿಚ್ಚಿದ ಮೇಲೆ ಯಾರದೋ ಹೊಲ ಹೋಗುತ್ತದೆ. ರೇಡಿಯೋಗಾಗಿ ಅಂಥದ್ದನ್ನು ಬಿಚ್ಚಿದವರನ್ನು ಯಾರೂ ಕಂಡಿಲ್ಲ. "ನಮ್ಮೂರು ತೆಂಗಳಿ ಇದರಾಗ ಬರ್ತದೇನ್ರಿ?" ಎಂದು ಇನ್ನೊಬ್ಬ ಮೆಲ್ಲಗೆ ಕೇಳಿದ.

ಶಹಾಬಾದಿಗೆ ಹೋದರೆ ಅಂಗಡಿ ಮುಚ್ಚಿತ್ತು. ನಕ್ಷೆ ನನ್ನ ಜೊತೆ ವಾಪಸು ಬಂತು. ಅದರ ಬೆನ್ನಿಗೇ ಜನವೂ ಬಂದರು. ಮಾಸ್ತರರ ಮನೆಯಲ್ಲಿ ಹೊಸ ರೈಲು ಲೈನಿನ ನಕ್ಷೆ ಇದೆಯಂತೆ ಎಂದು ನಾಲವಾರದಿಂದ ಬಂದರು, ಸೇಡಂ ಕಡೆಯಿಂದಲೂ ಬಂದರು. ಬಿಚ್ಚಿದ ರೇಡಿಯೋವನ್ನೇ ಮುಂದಿಟ್ಟು ತೋರಿಸಿದೆ. "ನೆಪ ಛಲೋ ಹಿಡದೀರಿ ಸರ್. ಹೇಳಬ್ಯಾಡ್ರಿ ಅಂತ ಮ್ಯಾಲಿನವ್ರು ಹೇಳ್ಯಾರೇನು?" ಎಂದರು. ಒಬ್ಬ ಒಂದು ಸುರುಳಿಗುರುತಿನ ಮೇಲೆ ಬೆರಳಿಟ್ಟು ಇದೇ ಫ್ಯಾಕ್ಟರಿ ಎಂದ. ಅಲ್ಲ ಎನ್ನಲು ಹೋದೆ. ಹಾಗಾದರೆ ಮತ್ತೇನು ಎಂದು ಕೇಳಿದರೆ ಹೇಳಲು ನನಗಾದರೂ ಏನು ಗೊತ್ತು? ಇವರೆಲ್ಲ ಇಷ್ಟು ಖಚಿತವಾಗಿ ಹೇಳುವಾಗ, ಇದು ರೇಡಿಯೋದ್ದು ಹೌದೋ ಅಲ್ಲವೋ ಎಂದು ನನಗೇ ಅನುಮಾನ ಬಂತು. ಗುರುಬಾಯಿ ಎಲ್ಲರಿಗೂ ಚಹಾ ಕೊಟ್ಟಳು.

ಕೊನೆಗೆ ಬಂದವನು ತೆಂಗಳಿಯ ಸಿದ್ದಪ್ಪ ಎಂಬ ಮುದುಕ. ನೆಲದ ಮೇಲೆ ಹಾಸಿದ್ದ ಹಾಳೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಗೆರೆಗಳನ್ನು ತಪ್ಪಿಸುತ್ತ ತಪ್ಪಿಸುತ್ತ ಬೆರಳು ಸರಿಸಿ, ಒಂದು ಖಾಲಿ ಜಾಗದಲ್ಲಿ ನಿಲ್ಲಿಸಿದ.

"ಇಲ್ಲಿ ಏನೂ ಇಲ್ಲಲ್ರಿ ಸರ್?"

"ಇಲ್ಲ ಕಾಕಾ, ಏನೂ ಇಲ್ಲ."

"ಮತ್ತ ನನ್ನ ಹೊಲ ಇಲ್ಲೇ ಅದ ಅನ್ರಿ."

"ಇಲ್ಲೇ ಅದರಿ ಕಾಕಾ" ಎಂದೆ. ಆತ ಚಹಾ ಕುಡಿದು, ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೋದ. ನಾನು ಹೇಳಿದ್ದು ಸುಳ್ಳೋ ನಿಜವೋ ನನಗೆ ಇವತ್ತಿಗೂ ತಿಳಿಯದು. ಜಾಗವಂತೂ ಖಾಲಿಯೇ ಇತ್ತು.

ಮತ್ತೆ ಶಹಾಬಾದಿಗೆ ಹೋದೆ. ರಿಪೇರಿಯವನು ನಕ್ಷೆ ನೋಡಿ, "ಇದು ಬ್ಯಾರೆ ಸೆಟ್ಟಿಂದ್ರಿ" ಎಂದ. ಆದರೆ ಕೇಳಿದ್ದನ್ನು ತಂದಿದ್ದೆನಲ್ಲ, ದಾಕ್ಷಿಣ್ಯಕ್ಕೆ ಬಿದ್ದ. ಅಲ್ಲಿಷ್ಟು ಇಲ್ಲಿಷ್ಟು ಬೆಸುಗೆ ಹಾಕಿ, ಅಂಗೈಯಿಂದ ಒಂದು ಏಟು ಕೊಟ್ಟ. ರೇಡಿಯೋ ಕೆಮ್ಮಿ ಮಾತಾಡಿತು. "ಹ್ಯಾಂಗ ಬಂತು?" ಎಂದೆ. "ನನಗೂ ತಿಳೀವಲ್ದು ಸರ್. ಮತ್ತ ಬಿಚ್ಚಬ್ಯಾಡ್ರಿ." ಮುಳ್ಳನ್ನು ಎಳೆಯುವ ದಾರ ಹೇಗೆ ಸುತ್ತಬೇಕೆಂಬುದು ಮಾತ್ರ ಅವನಿಗೂ ಹೊಳೆಯಲಿಲ್ಲ, ನಕ್ಷೆಯಲ್ಲೂ ಇರಲಿಲ್ಲ.

ಮರುದಿನ ಬೆಳಿಗ್ಗೆ ರೇಡಿಯೋವನ್ನು ಮಾಡದಲ್ಲಿಟ್ಟು, ತಪ್ಪು ಮಾಡಿದ ಹುಡುಗನಂತೆ ನಿಂತೆ. "ದನಿ ಬಂದದ. ಆದ್ರ ಮುಳ್ಳು ಇನ್ನೂ ನಿಂತಲ್ಲೇ ಅದ" ಎಂದೆ.

ಗುರುಬಾಯಿಯ ಕಣ್ಣು ಹಂಚಿನ ಮೇಲಿನ ರೊಟ್ಟಿಯ ಮೇಲಿತ್ತು. ಅತ್ತ ನೋಡದೆಯೇ ಹಿಟ್ಟಿನ ಕೈ ಚಾಚಿ ಗುಂಡಿ ತಿರುಗಿಸಿದಳು. ಗರಗರ ಸದ್ದಿನ ನಡುವಿನಿಂದ ವಚನ ಬಂತು. ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡು, ಬಡಿಯಲು ಶುರು ಮಾಡುವ ಮುನ್ನ ನನ್ನತ್ತ ತಿರುಗಿದಳು.

"ಯಾ ಮುಳ್ಳರಿ?" ಎಂದಳು.