ಆಯ್ತಪ್ಪನ ಮಸೂದೆ

ನಮ್ಮ ಯಜಮಾನರಿಗೆ ಹೆತ್ತವರು ಇಟ್ಟ ಹೆಸರು ಬೇರೆ, ಜನ ಕರೆಯುವುದು ಆಯ್ತಪ್ಪ ಅಂತ. ಯಾರು ಏನು ಕೇಳಿದರೂ ‘ಆಯ್ತಪ್ಪಾ’ ಅನ್ನುವ ಮನುಷ್ಯ. ಲಿಫ್ಟ್ ರಿಪೇರಿ ಕಸುಬು. ಮದುವೆಯಾದ ಹೊಸದರಲ್ಲಿ ನಾನೂ ಹಿಗ್ಗಿದ್ದೆ, ಎಂಥ ಒಳ್ಳೆಯ ಗುಣ ಅಂತ. ನನಗೆ ಹೇಳಿದಷ್ಟೇ ಸಲೀಸಾಗಿ ಬೀದಿಯವರಿಗೆಲ್ಲ ಹೇಳುತ್ತಾರೆಂದು ಆಮೇಲೆ ತಿಳಿಯಿತು.

ಆ ಗುಣವೇ ನಮ್ಮ ಮನೆಗೆ ಮುಳುವಾಯಿತು. ನನ್ನ ಮೈದುನನೂ ಅದೇ ಕಸುಬಿನವನು. ಒಂದು ದಿನ ಅವನು ರಿಪೇರಿಗೆಂದು ಲಿಫ್ಟಿನ ಕೆಳಗಿನ ಗುಂಡಿಗೆ ಇಳಿದಿದ್ದ. ಕರೆಂಟು ತೆಗೆದು ಸ್ವಿಚ್ಚಿನ ಹತ್ತಿರ ಇವರು ಕಾವಲು ನಿಂತಿದ್ದರು. ಇವರ ಲಿಫ್ಟ್ ಕಂಪನಿಯ ಮಾಲೀಕ ಫೋನು ಮಾಡಿ, ಪಕ್ಕದ ಕಟ್ಟಡದಲ್ಲಿ ಗಿರಾಕಿ ಕಾಯುತ್ತಿದ್ದಾರೆ, ಒಂದು ಗಳಿಗೆ ಮುಖ ತೋರಿಸಿ ಬಾ ಅಂದ. ಇವರು ಆಯ್ತು ಅಂದರು, ತಮ್ಮನಿಗೆ ಕೂಗಿ ಹೇಳಿ ಹೊರಟರು. ಲಿಫ್ಟಿಗಾಗಿ ಕಾದು ಬೇಸತ್ತವರು ಯಾರೋ ಆ ಸ್ವಿಚ್ಚು ಹಾಕಿದರು. ಮುಂದಿನದನ್ನು ನಾನು ಬಾಯಿಬಿಟ್ಟು ಹೇಳಲಾರೆ.

ಓರಗಿತ್ತಿ ಅಂದಿನಿಂದ ನಮ್ಮ ಜೊತೆಯಲ್ಲೇ ಇದ್ದಾಳೆ. ಬೀದಿ ಕಡೆಯ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಾಳೆ. ಭಾವನನ್ನು ಒಂದು ಮಾತು ಅಂದವಳಲ್ಲ. ಬೈದು ಹಿಡಿಶಾಪ ಹಾಕಿದ್ದರೆ ಇವರ ಎದೆ ಹಗುರವಾಗುತ್ತಿತ್ತೋ ಏನೋ. ಅವಳು ತಟ್ಟೆ ಇಟ್ಟು ಊಟಕ್ಕೆ ಬನ್ನಿ ಭಾವ ಅಂದರೆ ಸಾಕು, ಇವರು ನೆಲ ನೋಡಿಕೊಂಡು ಕೂರುತ್ತಿದ್ದರು.

ಗುಂಡಿಗೆ ಒಬ್ಬ ಇಳಿದರೆ ಸ್ವಿಚ್ಚಿನ ಹತ್ತಿರ ಇನ್ನೊಬ್ಬ ನಿಂತಿರಲೇಬೇಕು, ಅವನನ್ನು ಅಲ್ಲಿಂದ ಕದಲಿಸಿದ ಮಾಲೀಕನಿಗೆ ಶಿಕ್ಷೆಯಾಗಬೇಕು. ಇಂಥದ್ದೊಂದು ಕಾನೂನು ಮಾಡಿಸುತ್ತೇನೆಂದು ಇವರು ಸಂಸತ್ತಿಗೆ ನಿಂತರು. ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾನೆಂದು ಜನ ಗೆಲ್ಲಿಸಿದರು. ಇವರು ಮಂಡಿಸಿದ ಮಸೂದೆಯ ಸರದಿ ಬರುವ ಮೊದಲೇ ಸಭೆಯ ಅವಧಿ ಮುಗಿದು ಅದು ಬಿದ್ದುಹೋಯಿತು. ಹೂಂ ಅಂದಿದ್ದರಲ್ಲಿ ಕಾಲುಭಾಗವೂ ಆಗಲಿಲ್ಲವೆಂದು ಅದೇ ಜನ ಮುಂದಿನ ಸಲ ಸೋಲಿಸಿದರು. ಆಮೇಲೆ ಕೂದಲೆಳೆಯಲ್ಲಿ ಮತ್ತೆ ಗೆದ್ದರು.

ಈ ಸಲ ಅದರ ಜೊತೆ ಬೇರೆ ಮಸೂದೆಗಳನ್ನೂ ತಂದರು. ದಿನವಿಡೀ ನಿಂತು ದುಡಿಯುವ ಅಂಗಡಿಯ ಹುಡುಗಿಯರಿಗೆ ಕುರ್ಚಿ ಕೊಡಬೇಕು ಅನ್ನುವುದೊಂದು, ಶಾಲೆಯ ಮಕ್ಕಳ ಚೀಲದ ಭಾರದ್ದೊಂದು. ಪ್ರತಿ ಸಲವೂ ಅದೇ ಕಥೆ. ಮಂತ್ರಿ ಎದ್ದು ಸದಸ್ಯರ ಕಳಕಳಿಯನ್ನು ಹೊಗಳುವುದು, ಸರ್ಕಾರ ಪರಿಶೀಲಿಸುತ್ತದೆ, ದಯವಿಟ್ಟು ಮಸೂದೆ ಹಿಂತೆಗೆದುಕೊಳ್ಳಿ ಅನ್ನುವುದು, ಇವರು ಆಯ್ತು ಅಂತ ಕೂರುವುದು. ಮೂಗಿಗೆ ತುಪ್ಪ ಸವರಿಸಿಕೊಂಡು ಬಂದಿರಲ್ಲ ಅಂತ ನಾನು ರೇಗುತ್ತಿದ್ದೆ. ಆ ಹುಡುಗಿಯರು ಇವತ್ತಿಗೂ ನಿಂತೇ ಇದ್ದಾರೆ.

ಕೊನೆಗೆ ಲಿಫ್ಟಿನ ಮಸೂದೆಯ ಸರದಿ ಬಂತು. ಅದನ್ನು ನೋಡಲು ನಾನೂ ಓರಗಿತ್ತಿಯೂ ರಾಜಧಾನಿಯಲ್ಲಿ ಇವರಿಗೆ ಕೊಟ್ಟಿದ್ದ ಮನೆಗೆ ಬಂದಿದ್ದೆವು. ಹಿಂದಿನ ದಿನ ಸಂಜೆ ಪಕ್ಷದ ಮುಖಂಡರ ಫೋನು. ಲಿಫ್ಟ್ ಕಂಪನಿಗಳ ಮಾಲೀಕರಿಗೆಲ್ಲ ಸಿಟ್ಟು ಬಂದಿದೆಯಂತೆ. ಹಿಂತೆಗೆದುಕೊಳ್ಳದಿದ್ದರೆ ಮುಂದಿನ ಚುನಾವಣೆಗೆ ಟಿಕೆಟ್ ಇಲ್ಲವಂತೆ. ಇವರು ಗೋಡೆಗೆ ಮುಖ ಮಾಡಿಕೊಂಡು ‘ಆಯ್ತು, ಆಯ್ತು’ ಅನ್ನುತ್ತಿದ್ದರು.  ನಾಳೆ ಏನು ಮಾಡುತ್ತೀರಿ ಅಂದೆ. ಇವರು ನಾಳೆ ಓದುವ ಕಾಗದಗಳನ್ನು ಮತ್ತೆ ಮತ್ತೆ ಜೋಡಿಸತೊಡಗಿದರು. ಒಳಕೋಣೆಯಲ್ಲಿ ಓರಗಿತ್ತಿ ನಾಳೆಗೆ ತನ್ನ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಅವಳಿಗೂ ಕೇಳಿಸಿರಬೇಕು.

ಮರುದಿನ ಸಂಸತ್ತಿನ ಪ್ರೇಕ್ಷಕರ ಗ್ಯಾಲರಿಯಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತೆವು. ಕೆಳಗೆ ಅರ್ಧಕ್ಕರ್ಧ ಕುರ್ಚಿ ಖಾಲಿ, ಒಬ್ಬರಂತೂ ಚೆನ್ನಾಗಿ ನಿದ್ದೆ ತೆಗೆಯುತ್ತಿದ್ದರು. ಇವರು ಓದಿದ್ದು ಮೂರೇ ಪುಟ, ತಡವರಿಸಿದ್ದು ನಾಲ್ಕು ಕಡೆ. ಆಮೇಲೆ ಮಂತ್ರಿ ಎದ್ದರು. ಜೇನಿನಂಥ ಮಾತು. ತಮ್ಮನನ್ನು ಕಳೆದುಕೊಂಡವರ ನೋವು ಸರ್ಕಾರಕ್ಕೆ ಅರ್ಥವಾಗುತ್ತದೆ ಅಂದರು. ಹಿಂತೆಗೆದುಕೊಳ್ಳಿ ಅಂತ ಕೈಮುಗಿದೂ ಕೇಳಿದರು. ಹಾಳಾದ್ದು, ಕೈಮುಗಿದವರಿಗೆ ಇಲ್ಲ ಅನ್ನುವ ಜಾಯಮಾನವೇ ನಮ್ಮವರದಲ್ಲ.  ಓರಗಿತ್ತಿ ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಹಿಂತೆಗೆದುಕೊಳ್ಳುತ್ತೀರಾ ಅಂತ ಸಭಾಧ್ಯಕ್ಷರು ಎರಡು ಸಲ ಕೇಳಿದರು. ಇವರು ಎದ್ದರು, ನೀರು ಕುಡಿದರು, ಲೋಟ ಇಟ್ಟರು, ಮತ್ತೆ ಎತ್ತಿಕೊಂಡರು. ಮುಗಿಯಿತು ಅಂದುಕೊಂಡು ನಾನು ಕಣ್ಣು ಮುಚ್ಚಿದೆ.

“ಆಗಲ್ಲ ಸಾರ್. ಮತಕ್ಕೆ ಹಾಕಿ.”

ಕಣ್ಣು ಬಿಟ್ಟಾಗ ಇವರು ನಿಂತೇ ಇದ್ದರು. ಪರವಾಗಿರುವವರು ಹೌದು ಅನ್ನಿ ಅಂದಾಗ ಇವರೊಬ್ಬರದೇ ದನಿ. ವಿರೋಧವಿರುವವರು ಅಂದಾಗ ನಿದ್ದೆ ತೆಗೆಯುತ್ತಿದ್ದವರೂ ಎದ್ದು ಕೂಗಿದರು. ಗಳಿಗೆಯಲ್ಲಿ ಎಲ್ಲ ಮುಗಿದುಹೋಯಿತು.

ಹೊರಗೆ ಮೆಟ್ಟಿಲ ಹತ್ತಿರ ಇವರು ಸಿಕ್ಕಿದರು. ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ತೆಗೆಯಲಿಲ್ಲ. ಟಿಕೆಟ್ ಹೋಯಿತು ಅಂತ ಅದೇ ಹೇಳುತ್ತಿತ್ತು. ಓರಗಿತ್ತಿ ನನಗಿಂತ ಮುಂದೆ ನಡೆದು ಎದುರಿಗೆ ನಿಂತಳು. ಎರಡು ಒಳ್ಳೆಯ ಮಾತು ಆಡುತ್ತಾಳೆ ಅಂದುಕೊಂಡೆ.

“ಅವತ್ತು ಮಾಲೀಕ ಫೋನ್ ಮಾಡ್ದಾಗ್ಲೂ ಹೀಗೇ ಅನ್ಬಾರ್ದಿತ್ತಾ, ಭಾವ?”

 ಇವರು ತಲೆ ಎತ್ತಿ ಅವಳ ಮುಖವನ್ನೇ ನೋಡಿದರು. ಅಷ್ಟು ವರ್ಷಗಳಲ್ಲಿ ಅದೇ ಮೊದಲು.

“ಅನ್ಬೇಕಿತ್ತಮ್ಮ,” ಅಂದರು.

ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತರು. ಅವಳೂ ಅದೇ ಮೆಟ್ಟಿಲ ಮೇಲೆ ಕೂತು ಗೋಳೋ ಎಂದು ಅತ್ತಳು. ಗಂಡ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಇಲ್ಲಿ ಕೂರಬಾರದು ಅಂತ ಕಾವಲಿನವನು ಬಂದ. ಸ್ವಲ್ಪ ಹೊತ್ತು ಬಿಡಪ್ಪ ಅಂತ ನಾನು ಅವನಿಗೆ ಅಡ್ಡ ನಿಂತೆ.